ಮೇವಿನ ಮಷಿನ್ನು ಮತ್ತು ವೈನಿಯ ಬಲಗೈ

ಕತ್ತರಿಸಿಹೋದ ಬೆರಳನ್ನು ಜನ ಯಾವ್ಯಾವುದರಲ್ಲಿ ಹಾಕಿಕೊಂಡು ಬರುತ್ತಾರೆ ಎಂಬುದರ ಮೇಲೆ ನಾನು ಒಂದು ಪುಸ್ತಕ ಬರೆಯಬಹುದು. ಹುಬ್ಬಳ್ಳಿಯ ಒಂದು ಎಲುಬಿನ ದವಾಖಾನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯೇ ನನ್ನ ಲೋಕ. ನರ್ಸಾಗಿ ಅಲ್ಲಿ ಸೇರಿ ಇಪ್ಪತ್ತು ವರ್ಷ ದಾಟಿತು. ಬಿಸ್ಕಿಟ್ಟಿನ ಖಾಲಿ ಪಾಕೀಟಿನಲ್ಲಿ ತಂದವರನ್ನು ನೋಡಿದ್ದೇನೆ. ಡಬ್ಬಿಯಲ್ಲಿ ಮಜ್ಜಿಗೆ ಹಾಕಿ ಅದರಲ್ಲಿ ಮುಳುಗಿಸಿ ತಂದವರನ್ನು ನೋಡಿದ್ದೇನೆ. ಒಬ್ಬ ಹಿರಿಯರು ವಸ್ತ್ರದ ತುದಿಗೆ ಎಲೆ-ಅಡಿಕೆಯ ಜೊತೆಗೇ ಗಂಟು ಹಾಕಿಕೊಂಡು ಬಂದಿದ್ದರು. ಗಂಟು ಬಿಚ್ಚಿ, ಮೊದಲು ಅಡಿಕೆಯನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡು, ಆಮೇಲೆ ಮಗನ ಬೆರಳನ್ನು ನನ್ನ ಟ್ರೇಯಲ್ಲಿಟ್ಟರು. ಇನ್ನು ಗಾಯದ ಮೇಲೆ ಮೆತ್ತಿಕೊಂಡು ಬರುವ ಸಾಮಾನಿನ ಕಥೆ ಬೇರೆ. ಅರಿಷಿಣ, ಸುಣ್ಣ, ಚಹಾಪುಡಿ, ಹಲ್ಲು ತಿಕ್ಕುವ ಪೇಸ್ಟು. ಅದನ್ನೆಲ್ಲ ಚಿಮಟಿಗೆಯಿಂದ ಒಂದೊಂದೇ ಕಣ ಹೆಕ್ಕುವಾಗ ಗಾಯ ನೋಡಿ ನನಗೆ ಹೇಸಿಗೆಯಾಗುವುದಿಲ್ಲ, ಮಂದಿಯ ದಡ್ಡತನ ನೋಡಿ ಆಗುತ್ತದೆ.

ನಮ್ಮ ಕಡೆ ಬೆರಳು ತಿನ್ನುವುದರಲ್ಲಿ ಮೇವು ಕತ್ತರಿಸುವ ಮಷಿನ್ನನ್ನು ಮೀರಿಸುವುದು ಇನ್ನೊಂದಿಲ್ಲ. ಒಂದು ತಗಡಿನ ತೊಟ್ಟಿ, ಅದರ ತುದಿಗೆ ಹಲ್ಲಿನ ಎರಡು ಉರುಳೆ, ಉರುಳೆಯ ಆಚೆ ದೊಡ್ಡ ಗಾಲಿ, ಗಾಲಿಗೆ ಎರಡು ಅಲಗು. ದಂಟಿನ ಸಿವುಡು ತೊಟ್ಟಿಯಲ್ಲಿಟ್ಟರೆ ಉರುಳೆ ಎಳೆದುಕೊಳ್ಳುತ್ತದೆ, ಅಲಗು ಕತ್ತರಿಸಿ ಆಚೆ ಚೆಲ್ಲುತ್ತದೆ. ಒಣ ಕಣಿಕೆಯಾದರೆ ಸರಸರ ಹೋಗುತ್ತದೆ. ಹಸಿ ಗೋವಿನಜೋಳದ ದಂಟು ಹಾಕಿದಿರೋ, ನಾರು ಉರುಳೆಗೂ ಅಲಗಿಗೂ ನಡುವೆ ಸುತ್ತಿಕೊಂಡು ಗಚ್ಚನೆ ನಿಂತುಬಿಡುತ್ತದೆ. ಆಗ ಮನುಷ್ಯ ಏನು ಮಾಡುತ್ತಾನೆ? ಕೈ ಹಾಕುತ್ತಾನೆ. ಹಟ್ಟಿಯ ತುಂಬ ಕೋಲು ಬಿದ್ದಿರುತ್ತವೆ, ಎಮ್ಮೆಗೆ ಹೊಡೆಯುವುದಕ್ಕೆ ಕೋಲು ಬೇಕು, ನಾಯಿ ಅಟ್ಟುವುದಕ್ಕೆ ಕೋಲು ಬೇಕು, ಅಲಗಿನ ಬಾಯಿಗೆ ಮಾತ್ರ ದೇವರು ಕೊಟ್ಟ ಕೈಯೇ ಆಗಬೇಕು.

ಬಂದವರೆಲ್ಲರದೂ ಒಂದೇ ಮಾತು. "ಮಷಿನ್ ಬಂದ್ ಇತ್ರಿ ಸಿಸ್ಟರ್." ಬಂದ್ ಇದ್ದದ್ದು ನಿಮ್ಮ ಬೆರಳನ್ನು ಹೇಗೆ ತಿಂದಿತು ಎಂದು ಕೇಳಿದರೆ ನೆಲ ನೋಡುತ್ತಾರೆ. ಗುಂಡಿ ಒತ್ತಿ ಬಂದ್ ಮಾಡಿದ ಮೇಲೂ ಆ ಭಾರದ ಗಾಲಿ ತನ್ನ ಪಾಡಿಗೆ ತಾನು ಇನ್ನೂ ಕೆಲವು ಸುತ್ತು ತಿರುಗುತ್ತದೆ, ಅದು ಪೂರ್ತಿ ನಿಲ್ಲುವತನಕ ಕೈ ಕಟ್ಟಿಕೊಂಡು ನಿಲ್ಲಬೇಕು ಎಂದು ನಾನು ಎಷ್ಟು ಮಂದಿಗೆ ಹೇಳಿದ್ದೇನೋ. ಮೇನ್ ಸ್ವಿಚ್ಚು ಇಳಿಸದೆ ಹತ್ತಿರ ಹೋಗಬೇಡಿ, ಗಾಲಿಯ ಮುಚ್ಚಳ ತೆಗೆಯಬೇಡಿ, ಸೆರಗು ಬಿಗಿದು ಕಟ್ಟಿ. ಪಟ್ಟಿ ಸುತ್ತುತ್ತ ಸುತ್ತುತ್ತ ಹೇಳುತ್ತೇನೆ. ಅವರು ಹೂಂ ಅನ್ನುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಳ್ಳು ಹೂಂ ಆದರೂ ಅನ್ನುವುದಿಲ್ಲ.

ಇಂಥ ನನ್ನ ತವರುಮನೆಯಲ್ಲಿಯೇ ಆ ಮಷಿನ್ನು ಇತ್ತು. ತವರು ಉಪ್ಪಿನಬೆಟಗೇರಿ. ಅಲ್ಲಿ ಅಣ್ಣ, ಅವನ ಹೆಂಡತಿ ಅಂದರೆ ನಮ್ಮ ವೈನಿ, ಮೂರು ಎಮ್ಮೆ, ಎರಡು ಆಕಳು. ಅಣ್ಣನಿಗೆ ಹೊಲ. ದನ, ಹಾಲು, ಮೇವು ಎಲ್ಲ ವೈನಿಯ ಪಾಲು. ನಾನು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವವಳು, ಹಬ್ಬಕ್ಕೆ ಹೋಗಿ ಉಂಡು, ಎಲ್ಲರಿಗೂ ಬುದ್ಧಿ ಹೇಳಿ ಬರುವವಳು.

ಮಷಿನ್ನಿಗೆ ಕರೆಂಟು ಕೊಡುವ ಸ್ಟಾರ್ಟರಿನ ಡಬ್ಬಿಗೆ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಹಸಿರು ಒತ್ತಿದರೆ ಚಾಲೂ. ನಡುವೆ ಕರೆಂಟು ಹೋದರೆ ಆ ಹಸಿರು ಗುಂಡಿ ತಾನಾಗಿಯೇ ಮೇಲೆ ಜಿಗಿಯುತ್ತದೆ. ಮತ್ತೆ ಕರೆಂಟು ಬಂದಾಗ ಯಾರಾದರೂ ಬಂದು ಒತ್ತುವವರೆಗೆ ಮಷಿನ್ನು ಸುಮ್ಮನಿರುತ್ತದೆ. ಯಾರೋ ಪುಣ್ಯಾತ್ಮರು ಮನುಷ್ಯರ ಜೀವ ನೆನೆದು ಮಾಡಿದ ಏರ್ಪಾಡು ಅದು. ನಮ್ಮ ಡಬ್ಬಿಯೊಳಗಿನ ಕಾಯಿಲ್ ಸೋತು, ಕರೆಂಟು ಸ್ವಲ್ಪ ಇಳಿದರೂ ಗುಂಡಿ ಜಿಗಿಯತೊಡಗಿತು. ಮತ್ತೆ ಮತ್ತೆ ಹೋಗಿ ಒತ್ತುವುದು ಬೇಸರವಾಗಿ ಅಣ್ಣ ಒಂದು ದಿನ ಬೇವಿನ ಕಡ್ಡಿ ಚೂಪು ಮಾಡಿ ಗುಂಡಿಯ ಸಂದಿಗೆ ಬಡಿದು ಸಿಗಿಸಿದ. ಅಲ್ಲಿಗೆ ಗುಂಡಿ ಒತ್ತಿದ್ದು ಒತ್ತಿದಂತೆಯೇ. ಚಾಲೂ-ಬಂದ್ ಎರಡೂ ಗೋಡೆಯ ಮೇನ್ ಸ್ವಿಚ್ಚಿನಿಂದಲೇ. ಕರೆಂಟು ಹೋದರೆ ಮಷಿನ್ನು ನಿಲ್ಲುತ್ತದೆ, ಬಂದರೆ ಯಾರನ್ನೂ ಕೇಳದೆ ತಾನೇ ತಿರುಗುತ್ತದೆ.

ಮೊದಲ ಸಲ ಅದನ್ನು ನೋಡಿದಾಗ ನನ್ನ ನಾಲಿಗೆಗೆ ಲಗಾಮೇ ಇರಲಿಲ್ಲ. "ಇದೇನು ಅಣ್ಣಾ, ಮನಿಯಾಗ ಮಂದಿ ಇರಬಾರದಂತ ಮಾಡೀಯೇನು?" ಎಂದೆ.

"ನೋಡವ್ವಾ, ಊರ ತುಂಬ ಹಿಂಗ ಮಾಡ್ಯಾರ. ಯಾರಿಗೇನಾಗೇತಿ?"

"ಯಾರಿಗೇನಾಗೇತಿ ಅನ್ನೂದನ್ನ ನನ್ನ ಕೋಣ್ಯಾಗ ಬಂದು ನೋಡು."

"ನಿನಗ ಊರಾಗಿನ ಬೆರಳೆಲ್ಲಾ ದವಾಖಾನ್ಯಾಗ ಬಿದ್ದಂಗ ಕಾಣ್ತಾವು," ಎಂದು ನಕ್ಕ. ಗಂಡಸರ ಆ ನಗು ನನಗೆ ಮೊದಲಿನಿಂದಲೂ ಆಗದು. ಹೆದರಿಕೆ ಎಂಬುದು ಹೆಂಗಸರ ರೋಗ, ಕಡ್ಡಿ ಎಂಬುದು ಗಂಡಸಿನ ಶಾಣ್ಯಾತನ ಎನ್ನುವ ನಗು. ಕಡ್ಡಿ ಕಿತ್ತೆಸೆದೆ. ಮುಂದಿನ ಹಬ್ಬಕ್ಕೆ ಹೋದಾಗ ಅದೇ ಜಾಗದಲ್ಲಿ ಇನ್ನೂ ದಪ್ಪನೆಯದು ಇತ್ತು.

ನನ್ನ ಮಾತು ಕೇಳಿದವರು ವೈನಿ ಒಬ್ಬರೇ. ಅವರು ವಾದ ಮಾಡಲಿಲ್ಲ. ಒಂದು ಮೊಳದ ಕೋಲು ಕತ್ತರಿಸಿ ಮಷಿನ್ನಿನ ಕಾಲಿಗೆ ದಾರದಿಂದ ಕಟ್ಟಿಟ್ಟುಕೊಂಡರು, ಸಿಕ್ಕ ನಾರು ತೆಗೆಯುವುದಕ್ಕೆ. ಪ್ರತಿ ಸಲ ಅಂಗಳ ದಾಟಿ ಹೋಗಿ ಮೇನ್ ಇಳಿಸಿ, ವಾಪಸು ಬಂದು, ಗಾಲಿ ನಿಂತದ್ದನ್ನು ನೋಡಿ, ಆಮೇಲೆ ಕೋಲು ಹಾಕುತ್ತಿದ್ದರು. ಅಣ್ಣ ಚೇಷ್ಟೆ ಮಾಡುತ್ತಿದ್ದ. "ನಿಮ್ಮ ಸಿಸ್ಟರ್ ಕಾಯ್ದಿ ನಡಸ್ಯಾಳ ನೋಡು," ಎನ್ನುತ್ತಿದ್ದ. ವೈನಿ ಸೆರಗು ಬಿಗಿದುಕೊಂಡು ತಮ್ಮ ಕೆಲಸ ತಾವು ಮಾಡುತ್ತಿದ್ದರು. ಆ ಕೈಗಳ ಬಗ್ಗೆ ನನಗೆ ಹೆಮ್ಮೆಯಿತ್ತು. ಆ ಬಲಗೈ ಬಡಿದ ರೊಟ್ಟಿ ಚಂದ್ರನ ಹಾಗೆ ದುಂಡಗೆ, ಕಾಗದದ ಹಾಗೆ ತೆಳ್ಳಗೆ ಇರುತ್ತಿತ್ತು. ತಾಯಿ ಸತ್ತ ಮೇಲೆ ನನಗೆ ತವರು ಅಂತ ಉಳಿದದ್ದೇ ಆ ರೊಟ್ಟಿ.

ಮಹಾನವಮಿಗೆ ಆಯುಧಗಳಿಗೆಲ್ಲ ಖಂಡೇಪೂಜೆ. ಕುಡಗೋಲು, ಕೊಡಲಿ, ರಂಟೆ, ಟ್ರ್ಯಾಕ್ಟರು, ಮೋಟರ್‌ಸೈಕಲ್ಲು, ಜೊತೆಗೆ ಮೇವಿನ ಮಷಿನ್ನು. ಆ ವರ್ಷ ನಾನು ಹೋಗುವ ಹೊತ್ತಿಗೆ ಅಣ್ಣ ಮಷಿನ್ನಿನ ಗಾಲಿಯ ಮುಚ್ಚಳ ಬಿಚ್ಚಿ ಗೋಡೆಗೆ ಒರಗಿಸಿದ್ದ. ಅಲಗು ತೊಳೆದು ಮೂರು ಬೆರಳಿನ ವಿಭೂತಿ ಎಳೆದಿದ್ದ, ಗಾಲಿಗೆ ಚೆಂಡುಹೂವಿನ ಮಾಲೆ.

"ಮುಚ್ಚಳಕ್ಕ ವಿಭೂತಿ ಹಚ್ಚಿದ್ರ ಆಗೂದಿಲ್ಲೇನು?" ಎಂದೆ.

"ಮುಚ್ಚಳಕ್ಕ ಹಚ್ಚಿದ್ರ ಮುಚ್ಚಳದ ಪೂಜಿ ಆತು. ಖಂಡೇ ಅಂದ್ರ ಅಲಗು. ಬನ್ನಿ ಮುಗಿಯೂತನಾ ಅದನ್ನ ಮುಚ್ಚಬಾರದು."

ನೋಡಿ ನಮ್ಮ ಭಕ್ತಿ! ಕೈ ಕಾಯುವ ತಗಡನ್ನು ಕಿತ್ತು ಮೂಲೆಗೆಸೆದು, ಕೈ ಕಡಿಯುವ ಅಲಗಿಗೆ ಊದುಬತ್ತಿ ಬೆಳಗುತ್ತೇವೆ. ನನಗೆ ಅಸಹ್ಯವಾಯಿತು. ಆದರೆ ಹೋಳಿಗೆಯ ದಿನ ಯಾಕೆ ಜಗಳ ಎಂದು ಬಾಯಿ ಮುಚ್ಚಿಕೊಂಡೆ. ಪೂಜೆಯ ದಿನ ಆಯುಧಕ್ಕೆ ರಜೆ, ಮಷಿನ್ನು ಓಡಿಸುವಂತಿಲ್ಲ. ಮುಂಚೆಯೇ ಕತ್ತರಿಸಿಟ್ಟ ಮೇವನ್ನು ದನಗಳು ಅಂದೇ ಮುಗಿಸಿದವು. ಹಾಗಾಗಿ ಮರುದಿನ, ವಿಜಯದಶಮಿಯ ಮಧ್ಯಾಹ್ನ, ವೈನಿಗೆ ಎರಡು ದಿನದ ಕೆಲಸ ಒಂದೇ ಸಲ ಬಿತ್ತು.

ಆ ಮಧ್ಯಾಹ್ನ ಅಣ್ಣ ಊರ ಗಂಡಸರ ಜೊತೆ ಬನ್ನಿ ಮುಡಿಯಲು ಹೋಗಿದ್ದ. ಅವರು ಬನ್ನಿಯ ಗಿಡಕ್ಕೆ ಪೂಜೆ ಮಾಡಿ ಎಲೆ ತಂದರೆ, ಸಂಜೆ ಮನೆಮನೆಗೂ ಜನ ಬಂದು ಎಲೆ ಕೊಟ್ಟು ಕೈ ಮುಗಿಯುತ್ತಾರೆ. ಅಷ್ಟರೊಳಗೆ ದನದ ಕೆಲಸ ಮುಗಿಸಿ, ಜಳಕ ಮಾಡಿ, ಸೀರೆ ಉಟ್ಟು ನಿಂತಿರಬೇಕು. ನಾನು ಆಗಲೇ ಉಟ್ಟು ನಿಂತಿದ್ದೆ. ದೇಶಪಾಂಡೆ ನಗರದ ಅಂಗಡಿಯಲ್ಲಿ ಆರಿಸಿ ತಂದ ಹೊಸ ರೇಷ್ಮೆ ಸೀರೆ, ಹಸಿರು ಮೈಗೆ ಕೆಂಪು ದಡಿ. ಬೇಡವೆಂದರೂ ಕೇಳದೆ ವೈನಿಗೆ ಸಹಾಯ ಮಾಡುತ್ತೇನೆಂದು ಹಿತ್ತಲಿಗೆ ಹೋದೆ. ಸಹಾಯ ಎಂದರೆ, ಮೇನ್ ಸ್ವಿಚ್ಚಿನ ಗೋಡೆಯ ಹತ್ತಿರ ಒಂದು ಕಲ್ಲಿನ ಮೇಲೆ ನಿಂತು ಮಾತಾಡುವುದು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ದಿನದ ಗಡಿಬಿಡಿಯಲ್ಲಿ ಸಗಣಿ ಬಳಿದು ತೆಗೆದಿರಲಿಲ್ಲ. ಗಂಜಲ, ಸಗಣಿ, ಕೊಳೆತ ಹೂವು ಎಲ್ಲ ಕಲೆತು ಪಿಚಪಿಚ ರಾಡಿಯಾಗಿತ್ತು, ಅದರ ಮೇಲೆ ನೊಣ.

ವೈನಿ ಹಸಿ ದಂಟು ಹಾಕುತ್ತಿದ್ದರು. ಒಮ್ಮೆ ಗಾಲಿ ಗೊರಗೊರ ಎಂದು ನಿಂತಿತು. ನಾರು ಸುತ್ತಿಕೊಂಡಿತ್ತು. ಅದೇ ಗಳಿಗೆಯಲ್ಲಿ ಒಳಗೆ ಟಿವಿಯೂ ನಿಂತಿತು. ಕರೆಂಟು ಹೋಗಿತ್ತು.

ವೈನಿ ಕೋಲು ಬಿಚ್ಚಿಕೊಂಡರು. ಮುಚ್ಚಳವಿಲ್ಲದ ಗಾಲಿಯ ಮುಂದೆ ಬಗ್ಗಿ ನೋಡಿ, ನೆಟ್ಟಗೆ ನಿಂತು ನನ್ನತ್ತ ತಿರುಗಿದರು. "ಯವ್ವಾ, ನೀ ಅಲ್ಲೇ ಅದಿ, ಆ ಮೇನ್ ಒಂದೀಟು ಇಳಸು."

ಮೇನ್ ನನ್ನಿಂದ ನಾಲ್ಕು ಹೆಜ್ಜೆಯ ಮೇಲಿತ್ತು. ಆ ನಾಲ್ಕು ಹೆಜ್ಜೆಯೂ ರಾಡಿಯಲ್ಲಿ. ನಾನು ರಾಡಿ ನೋಡಿದೆ, ನನ್ನ ಕಾಲಿನ ಹೊಸ ಚಪ್ಪಲಿ ನೋಡಿದೆ, ಸೀರೆಯ ಕೆಂಪು ದಡಿ ನೋಡಿದೆ. ಮೂಗಿಗೆ ಸೆರಗು ಹಿಡಿದುಕೊಂಡೇ ಹೇಳಿದೆ: "ಕರೆಂಟ್ ಎಲ್ಲೈತ್ರಿ ವೈನಿ? ಲಗೂ ತಗೀರಿ, ಮಂದಿ ಬರೂ ಹೊತ್ತಾತು."

ವೈನಿ ಒಂದು ಕ್ಷಣ ನನ್ನ ಮುಖ ನೋಡಿದರು. ಮೇನ್ ಇಳಿಸದೆ ಹತ್ತಿರ ಹೋಗಬೇಡಿ ಎಂದು ವರ್ಷಗಟ್ಟಲೆ ತಲೆ ತಿಂದವಳೇ ಈಗ ತೆಗೀರಿ ಅನ್ನುತ್ತಿದ್ದಾಳೆ ಅಂದರೆ ಪರವಾಗಿಲ್ಲವೇನೋ ಎಂದುಕೊಂಡಿರಬೇಕು. ಕೋಲಿಗೆ ನಾರು ಸಿಗಲಿಲ್ಲ. ನಾನು ಮತ್ತೆ "ಲಗೂ ರೀ" ಎಂದೆ. ಅವರು ಕೋಲು ಬಿಟ್ಟು ಕೈ ಹಾಕಿದರು. ನಾರು ಬಿಡಿಸಿದ್ದೂ ಕರೆಂಟು ಬಂದದ್ದೂ ಒಟ್ಟಿಗೆ.

ನಾನು ಕೇಳಿದ್ದು ಮೊದಲು ಟಿವಿಯ ಸದ್ದು. ಆಮೇಲೆ ವೈನಿಯದು. ಆಗ ಮಾತ್ರ ಆ ನಾಲ್ಕು ಹೆಜ್ಜೆ ಓಡಿದೆ. ಮೊಣಕಾಲವರೆಗೆ ರಾಡಿ ಸಿಡಿಯಿತು, ಸೀರೆ ಹಾಳಾಯಿತು, ಮೇನ್ ಇಳಿಸಿದೆ. ಅದೇ ನಾಲ್ಕು ಹೆಜ್ಜೆ.

ಮುಂದಿನದನ್ನೆಲ್ಲ ನಾನು ತಪ್ಪಿಲ್ಲದೆ ಮಾಡಿದೆ. ಕೈ ಎತ್ತಿ ಹಿಡಿಸಿದೆ, ಒತ್ತಿ ಕಟ್ಟಿದೆ. ಮೇವಿನ ಗುಂಪಿಯಲ್ಲಿ ಹುಡುಕಿ ಕತ್ತರಿಸಿಬಿದ್ದ ಎರಡು ಬೆರಳು ತೆಗೆದು, ಶುದ್ಧ ಬಟ್ಟೆ ಒದ್ದೆ ಮಾಡಿ ಸುತ್ತಿ, ಕವರಿನಲ್ಲಿ ಹಾಕಿ, ಆ ಕವರನ್ನು ಬರ್ಫದ ಡಬ್ಬಿಯಲ್ಲಿಟ್ಟೆ. ಪಕ್ಕದ ಮನೆಯವರ ಕಾರಿನಲ್ಲಿ ನಮ್ಮ ದವಾಖಾನೆಗೇ ಕರೆದುಕೊಂಡು ಬಂದೆ. ಡಾಕ್ಟರು ಡಬ್ಬಿ ತೆರೆದು ನೋಡಿ, ಸುತ್ತ ನಿಂತವರಿಗೆ ತೋರಿಸಿ, "ಹಿಂಗ ತರಬೇಕು ನೋಡ್ರಿ, ಇದು ರೀತಿ," ಎಂದರು. ಆದರೆ ಬೆರಳು ಕತ್ತರಿಸಿದ್ದಕ್ಕಿಂತ ಜಜ್ಜಿದ್ದೇ ಹೆಚ್ಚು, ಜೋಡಿಸಲು ಬರಲಿಲ್ಲ. ತೋರುಬೆರಳು ಬುಡದಿಂದ, ಮಧ್ಯದ ಬೆರಳು ಅರ್ಧ. ಹೊಗಳಿಸಿಕೊಂಡ ಡಬ್ಬಿಯನ್ನು ನಾನೇ ಒಯ್ದು ವಿಲೇವಾರಿ ಮಾಡಿದೆ. ಮಜ್ಜಿಗೆಯಲ್ಲಿ ತಂದವರು ನನಗಿಂತ ಮೇಲು ಎಂದು ಆಗ ಅನ್ನಿಸಿತು. ಅವರಿಗೆ ಗೊತ್ತಿರಲಿಲ್ಲ.

ಮರುದಿನ ಬೀಗರು-ಬಿಜ್ಜರೆಲ್ಲ ಬನ್ನಿ ಹಿಡಿದುಕೊಂಡು ವಾರ್ಡಿಗೇ ಬಂದರು. ವೈನಿ ಎಡಗೈ ಚಾಚಿದರು. ಒಬ್ಬ ಅಜ್ಜಿ ಕೈ ಹಿಂದೆಳೆದು, "ಎಡಗೈಲೆ ಬನ್ನಿ ತಗೋಬಾರದವ್ವಾ," ಎಂದು ಎಲೆಯನ್ನು ದಿಂಬಿನ ಮೇಲಿಟ್ಟು ಹೋದಳು. ಅವಳನ್ನು ಅಲ್ಲೇ ಜಗ್ಗಿ ನಿಲ್ಲಿಸಿ ನಾಲ್ಕು ಮಾತು ಆಡಬೇಕೆನಿಸಿತು. ಆಡುವುದಕ್ಕೆ ನನಗೆ ಮುಖವಿರಲಿಲ್ಲ. ಪೂಜೆಯಲ್ಲಿ ಏನೋ ಲೋಪವಾಗಿತ್ತು ಎಂದರು ಕೆಲವರು, ಲಿಂಬೆಹಣ್ಣು ಕಡಿದಿರಲಿಲ್ಲ ಎಂದರು ಕೆಲವರು. ಎಲ್ಲರೂ ಕೊನೆಗೆ ನನ್ನತ್ತ ತಿರುಗಿ, "ನೀ ಹೇಳಿದ್ದಿ ಖರೇ. ನಿನ್ನ ಮಾತು ಕೇಳಬೇಕಿತ್ತು," ಎಂದರು. ವೈನಿ ಹೊದಿಕೆ ನೋಡುತ್ತ ಮಲಗಿದ್ದರು. ಹೇಗಾಯಿತು ಎಂದು ಕೇಳಿದವರಿಗೆಲ್ಲ "ನಂದ ತಪ್ಪು, ಗಡಿಬಿಡಿ ಮಾಡಿದೆ," ಎನ್ನುತ್ತಿದ್ದರು. ದವಾಖಾನೆಯ ಕಾಗದದಲ್ಲಿ ಗಾಯ ಹೇಗಾಯಿತು ಎಂಬಲ್ಲಿ ನಾನೇ ಬರೆದೆ: ಮೇವು ಕತ್ತರಿಸುವಾಗ ಆಕಸ್ಮಿಕ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಾರೆ.

ನಾನು ಯಾರಿಗೂ ಹೇಳಲಿಲ್ಲ. ಇವತ್ತು ಹೇಳಿದರೆ ವೈನಿಗೆ ನೋವು, ನಾಳೆ ಹೇಳಿದರೆ ಅಣ್ಣನಿಗೆ ನೋವು ಎಂದು ನನಗೆ ನಾನೇ ಕಥೆ ಕಟ್ಟಿಕೊಂಡೆ. ಅದು ಹೇಡಿತನ, ಬೇರೆ ಹೆಸರಿಲ್ಲ. ಆ ಕಡೆ ಅಣ್ಣ ಸಣ್ಣಗಾಗುತ್ತ ಹೋದ. ಮಷಿನ್ನು ಗುಜರಿಗೆ ಹಾಕಿದ. ನಸುಕಿನಲ್ಲಿ ಎದ್ದು ಕುಡಗೋಲಿನಿಂದ ಮೇವು ತಾನೇ ಹೆಚ್ಚತೊಡಗಿದ. ನಾನು ಹೋದಾಗಲೆಲ್ಲ ಉಣ್ಣಲು ಕೂತವನು ಕೈ ತೊಳೆದು ಎದ್ದುಬಿಡುತ್ತಿದ್ದ. ವೈನಿ ಎಡಗೈಯಿಂದ ರೊಟ್ಟಿ ಬಡಿಯಲು ಕಲಿಯುತ್ತಿದ್ದರು. ಒಂದು ಕಡೆ ದಪ್ಪ, ಒಂದು ಕಡೆ ಹರಕು. ಆ ರೊಟ್ಟಿ ಗಂಗಾಳಕ್ಕೆ ಬಿದ್ದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ನಾನು ಮಾತ್ರ ಉಂಡು, ಹುಬ್ಬಳ್ಳಿಗೆ ಮರಳಿ, ಪಟ್ಟಿ ಕಟ್ಟುತ್ತ ಜನರಿಗೆ ಬುದ್ಧಿ ಹೇಳುತ್ತಿದ್ದೆ. ಎಷ್ಟು ಹೇಸಿಗೆಯ ಜನ್ಮ ನನ್ನದು ಎಂದು ಬೇಸಿನ್ನಿನ ಮೇಲಿನ ಕನ್ನಡಿ ನೋಡಿದಾಗೆಲ್ಲ ಅನ್ನಿಸುತ್ತಿತ್ತು. ಅನ್ನಿಸಿದ್ದಕ್ಕೆ ಖರ್ಚಿಲ್ಲ.

ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು, ಹೋದೆ. ಅಡುಗೆಮನೆಯಲ್ಲಿ ವೈನಿ ಒಲೆಯ ಮುಂದೆ, ಅಣ್ಣ ಗಂಗಾಳದ ಮುಂದೆ, ನಾನು ಎದುರಿಗೆ ಉಣ್ಣುತ್ತ. ಅವನು ಒಂದು ತುಣುಕು ಮುರಿದು ಹಾಗೇ ಹಿಡಿದುಕೊಂಡು ಅಳತೊಡಗಿದ. ಅವನು ಅಳುವುದನ್ನು ನಾನು ತಾಯಿ ಸತ್ತಾಗಲೂ ನೋಡಿರಲಿಲ್ಲ.

"ನೀ ನೂರು ಸಲ ಹೇಳಿದ್ದಿ ತಂಗೀ. ಆ ಕಡ್ಡಿ ಸಿಗಿಸಿದಾಂವ ನಾನು, ಮುಚ್ಚಳ ಬಿಚ್ಚಿದಾಂವ ನಾನು. ಆಕಿ ಕೈ ನಾನ ಕಡದೇನಿ."

ಇನ್ನು ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ. "ಇಲ್ಲಣ್ಣಾ," ಎಂದೆ. "ವೈನಿ ಮೇನ್ ಇಳಸಂದ್ರು. ನಾ ಇಳಸಲಿಲ್ಲ. ಸೀರಿಗೆ ರಾಡಿ ಹತ್ತತೈತಿ ಅಂತ. ಲಗೂ ತಗೀರಿ ಅಂತ ಎರಡ ಸಲ ಅಂದಾಕಿ ನಾನ."

ಅಣ್ಣ ನನ್ನನ್ನು ನೋಡಿದ, ಆಮೇಲೆ ವೈನಿಯನ್ನು ನೋಡಿದ. ವೈನಿ ಇಲ್ಲ ಎನ್ನಲಿಲ್ಲ. ಅವನು ಎದ್ದು ಕೈ ತೊಳೆಯದೆಯೇ ಹೊರಗೆ ಹೋದ.

ನಾನು ವೈನಿಯ ಹತ್ತಿರ ಸರಿದು, ಹಿಟ್ಟು ಮೆತ್ತಿದ ಆ ಬಲಗೈ ಹಿಡಿಯಲು ಹೋದೆ. ಅವರು ಕೈ ಹಿಂದೆ ತೆಗೆದುಕೊಂಡರು. ಸಿಟ್ಟಿನಿಂದ ತೆಗೆದದ್ದಲ್ಲ, ಹೊಲಸು ತಾಕೀತೆಂದು ತೆಗೆದುಕೊಂಡ ಹಾಗಿತ್ತು.

"ಬೆರಳ ಹೋದದ್ದಕ್ಕ ನಾ ನಿನಗ ಏನೂ ಅನ್ನಂಗಿಲ್ಲ," ಎಂದರು, ಧ್ವನಿ ಏರಿಸದೆ. "ಗಡಿಬಿಡ್ಯಾಗ ಯಾರ ಬಾಯಾಗರ ಬರೂ ಮಾತದು. ಕೈ ಹಾಕಿದಾಕಿ ನಾನು. ನೀನಾಗಿ ಹೇಳ್ತಿ ಅಂತ ಕಾದೆ. ಬನ್ನಿಗೆ ಹೇಳ್ಲಿಲ್ಲ, ದೀಪಾವಳಿಗೆ ಹೇಳ್ಲಿಲ್ಲ, ಯುಗಾದಿಗೆ ಬಂದು ಬೇವು-ಬೆಲ್ಲ ತಿಂದು ಹೋದಿ. ನಿಮ್ಮಣ್ಣ ನನ್ನ ಕೈ ನೋಡಿದಾಗೆಲ್ಲಾ ಗಂಗಾಳ ಬಿಟ್ಟು ಎದ್ದ. ನೀ ಎದುರಿಗೆ ಕುಂತು ಉಂಡಿ."

ಒಲೆಯ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಅವರು ಎಡಗೈಯಿಂದ ಅದನ್ನು ತಿರುವಿ ಹಾಕಿದರು, ನನ್ನ ಕಡೆ ನೋಡದೆ.

"ಇನ್ನೊಂದು ರೊಟ್ಟಿ ಹಾಕ್ಲೇನು?" ಎಂದರು.